ಗಿಟಾರ್ ಕಾರ್ಡ್ ಸಬ್‌ಸ್ಟಿಟ್ಯೂಷನ್ ಕೋರ್ಸ್‌ಗೆ ದುಡ್ಡು ಹಾಕೋ ಮುಂಚೆ ಇದನ್ನ ಓದಿ

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆ ಗಿಟಾರ್ ಹಿಡಿದಿರೋ ಹುಡುಗ್ರು ಹುಡುಗೀರಿಗೆಲ್ಲಾ ಈಗ ಫೋನಲ್ಲಿ ಅದೇ ಜಾಹೀರಾತು ಬರ್ತಾ ಇದೆ, "ಒಂದೇ ಟ್ರಿಕ್, ನಿಮ್ಮ ಬ್ಲೂಸ್ ಜಾಝ್ ಆಗುತ್ತೆ" ಅಂತ. ಆ ತರದ ಒಂದು ಆನ್‌ಲೈನ್ ಕೋರ್ಸ್‌ಗೆ ನಾನು 14,000 ರೂಪಾಯಿ ಕಟ್ಟಿದೀನಿ. ಹೆಸರು ಹಾಕಲ್ಲ, ಕಂಪ್ಲೇಂಟ್ ಇನ್ನೂ ನಡೀತಿದೆ. ಏನಾಯ್ತು ಅಂತ ಮಾತ್ರ ಹೇಳ್ತೀನಿ.

ಮೊದಲು ಆ "ಟ್ರಿಕ್" ಏನು ಅಂತ ನೋಡಿ. ಟ್ರೈಟೋನ್ ಸಬ್‌ಸ್ಟಿಟ್ಯೂಷನ್. ಸುಳ್ಳಲ್ಲ, ಜಾಝ್‌ನಲ್ಲಿ ದಿನಾ ಬಳಸೋದೇ. ಕಾರ್ಡ್ ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು, ಏಳನೇ ಸ್ವರಾನೂ ಸೇರಿದ್ರೆ ಸೆವೆಂತ್ ಕಾರ್ಡ್. ಒಂದು ಸೆವೆಂತ್ ಕಾರ್ಡ್ ಬದಲು ಅದರಿಂದ ಆರು ಫ್ರೆಟ್ (ಅಂದ್ರೆ ಆರು ಅರ್ಧ ಸ್ವರ) ದೂರದ ಸೆವೆಂತ್ ಕಾರ್ಡ್ ಹಾಕೋದು. ಎ7 ಬದಲು ಇ-ಫ್ಲ್ಯಾಟ್7. ಇವರು ಕಲಿಸಿದ್ದು ಅಷ್ಟೇ, ಯಾಕೆ ಅನ್ನೋದು ಇಲ್ಲ, ಎಲ್ಲಿ ಅನ್ನೋದು ಇಲ್ಲ. ಹೋಂವರ್ಕ್ ಏನು ಗೊತ್ತಾ, ಎ ಕೀನಲ್ಲಿ (ಎ ಸ್ವರವೇ ಹಾಡಿನ ಮನೆ ಅಂತ ಇಟ್ಕೊಂಡು) 12 ಬಾರ್ ಬ್ಲೂಸ್ (ಬಾರ್ ಅಂದ್ರೆ ತಾಳದ ಒಂದು ಸುತ್ತು) ತಗೊಂಡು ಎಲ್ಲಾ ಸೆವೆಂತ್ ಕಾರ್ಡನ್ನೂ ಬದಲಾಯಿಸಿ ನುಡಿಸಿ, ವಿಡಿಯೋ ಕಳಿಸಿ.

ಈಗ ಲೆಕ್ಕ ಹಾಕಿ. ಎ ಬ್ಲೂಸ್‌ನಲ್ಲಿ ಇರೋದೇ ಎ7, ಡಿ7, ಇ7. ಮೂರನ್ನೂ ಬದಲಾಯಿಸಿದ್ರೆ ಇ-ಫ್ಲ್ಯಾಟ್7, ಎ-ಫ್ಲ್ಯಾಟ್7, ಬಿ-ಫ್ಲ್ಯಾಟ್7. ಅಂದ್ರೆ ಏನು? ಅದೇ ಬ್ಲೂಸು, ಇ-ಫ್ಲ್ಯಾಟ್ ಕೀನಲ್ಲಿ! ಜಾಝೂ ಆಗಿಲ್ಲ ಏನೂ ಆಗಿಲ್ಲ, ಇಡೀ ಹಾಡನ್ನ ಎತ್ತಿ ಪಕ್ಕಕ್ಕೆ ಇಟ್ಟ ಹಾಗೆ. ಮನೇಲಿ ಒಬ್ಬರೇ ನುಡಿಸ್ತಿದ್ರೆ ಇದು ಗೊತ್ತೇ ಆಗಲ್ಲ, ಯಾಕಂದ್ರೆ ಒಳಗೊಳಗೆ ಎಲ್ಲಾ ಸರಿಯಾಗೇ ಕೇಳುತ್ತೆ. ವಿಡಿಯೋ ಕಳಿಸಿದ್ದಕ್ಕೆ ಅವರಿಂದ ಬೆಂಕಿ ಇಮೋಜಿ ಬಂತು, "ಸೂಪರ್ ಬ್ರೋ" ಅಂತ.

ಗೊತ್ತಾಗಿದ್ದು ಗಾಳಿಬೀಡು ಕಡೆ ಒಂದು ಹೋಂಸ್ಟೇಲಿ. ಶನಿವಾರ ಸಂಜೆ ಕ್ಯಾಂಪ್‌ಫೈರ್ ಹಾಕಿ ನಾವೊಂದಿಷ್ಟು ಜನ ಅಲ್ಲಿ ನುಡಿಸ್ತೀವಿ. ಬೇಸ್ ಹೊಡೆಯೋ ಅಣ್ಣ ಎ ಹಿಡಿದಿದಾರೆ, ಹಾಡೋ ಅಕ್ಕ ಇ ಸ್ವರದಲ್ಲಿ ಉದ್ದಕ್ಕೆ ನಿಂತಿದಾರೆ, ಇಲ್ಲಿಂದ ನನ್ನ ಇ-ಫ್ಲ್ಯಾಟ್ ಕಾರ್ಡು ಬಿತ್ತು. ಇ ಮತ್ತೆ ಇ-ಫ್ಲ್ಯಾಟ್ ಅರ್ಧ ಸ್ವರ ಅಂತರದಲ್ಲಿ ಒಂದರ ಮೇಲೊಂದು, ಹಲ್ಲು ಜುಮ್ ಅನ್ನೋ ಹಾಗೆ. ಅಕ್ಕ ಹಾಡೋದು ನಿಲ್ಲಿಸಿ, "ಟ್ಯೂನ್ ಮಾಡ್ಕೋ ಮಾರಾಯ" ಅಂದ್ರು. ಕೂತಿದ್ದೋರಲ್ಲಿ ಅರ್ಧ ಜನ ನಮ್ಮೋರೇ, ಮದುವೇಲಿ ವಾಲಗಕ್ಕೆ ಕುಣಿದು ಬೆಳೆದೋರು, ಅಪಸ್ವರ ಯಾವುದು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮುಂದಿನ ಕ್ಲಾಸಲ್ಲಿ ಕೇಳ್ದೆ. ಬಂದ ಉತ್ತರ: "ನಿಮ್ಮ ಕಿವಿ ಇನ್ನೂ ಜಾಝ್‌ಗೆ ರೆಡಿ ಆಗಿಲ್ಲ, ಅಡ್ವಾನ್ಸ್ಡ್ ಬ್ಯಾಚ್‌ಗೆ ಸೇರಿ." ಅದಕ್ಕೆ ಬೇರೆ ಫೀಸು.

ಆಮೇಲೆ ಮೈಸೂರಲ್ಲಿ ಪಿಯಾನೋ ನುಡಿಸೋ ಪರಿಚಯದೋರೊಬ್ಬರು ಫೋನಲ್ಲೇ ಐದು ನಿಮಿಷದಲ್ಲಿ ಬಿಡಿಸಿ ಹೇಳಿದ್ರು. ಎ7ನಲ್ಲಿ ಕಾರ್ಡಿಗೆ ಬಣ್ಣ ಕೊಡೋ ಸ್ವರ ಎರಡು, ಮೂರನೇದು ಸಿ-ಶಾರ್ಪ್, ಏಳನೇದು ಜಿ. ಇ-ಫ್ಲ್ಯಾಟ್7ನಲ್ಲಿ ಮೂರನೇದು ಜಿ, ಏಳನೇದು ಡಿ-ಫ್ಲ್ಯಾಟ್, ಅಂದ್ರೆ ಅದೇ ಸಿ-ಶಾರ್ಪ್. ಎರಡೂ ಅವೇ ಸ್ವರ, ಜಾಗ ಅದಲು ಬದಲು ಅಷ್ಟೇ. ಗಿಟಾರಲ್ಲಿ ಈಗಲೇ ಹಿಡಿದು ನೋಡಿ: ಆರನೇ ತಂತಿ 5ನೇ ಫ್ರೆಟ್, ನಾಲ್ಕನೇ ತಂತಿ 5, ಮೂರನೇ ತಂತಿ 6, ಇದು ಎ7. ಈಗ ನಾಲ್ಕನೇ, ಮೂರನೇ ತಂತಿಯ ಎರಡು ಬೆರಳು ಅಲ್ಲಾಡಿಸ್ಬೇಡಿ, ಬೇಸ್ ಸ್ವರ (ಎಲ್ಲಕ್ಕಿಂತ ಕೆಳಗಿಂದು) ಮಾತ್ರ ಐದನೇ ತಂತಿ 6ನೇ ಫ್ರೆಟ್‌ಗೆ ತನ್ನಿ, ಇ-ಫ್ಲ್ಯಾಟ್7 ಆಯ್ತು. ಮೂರೂ ಬೆರಳನ್ನ ಒಂದೊಂದು ಫ್ರೆಟ್ ಹಿಂದಕ್ಕೆ ಜಾರಿಸಿ, ಡಿ7! ಬ್ಲೂಸ್‌ನ 4ನೇ ಬಾರಿಂದ 5ನೇ ಬಾರಿಗೆ ಹೋಗೋವಾಗ ಇದನ್ನ ಹಾಕಿದ್ರೆ ಬೇಸ್ ನುಣ್ಣಗೆ ಇಳಿಯುತ್ತೆ, ಹಾಡೋರು ಅಲ್ಲಿ ಇ ಹಿಡಿದು ನಿಂತಿಲ್ಲ ಅಂದ್ರೆ. ಮೊದಲನೇ ಬಾರಲ್ಲಿ ಹಾಕಿದ್ರೆ ಕೆಲಸ ಮಾಡಲ್ಲ, ಯಾಕಂದ್ರೆ ಅಲ್ಲಿ ಎ7 ಎಲ್ಲಿಗೂ ಹೋಗ್ತಾ ಇಲ್ಲ, ಅದೇ ಮನೆ. ಹಾಡೋರು ಯಾವ ಸ್ವರದ ಮೇಲಿದಾರೆ, ಮುಂದಿನ ಕಾರ್ಡ್ ಯಾವುದು, ಇವೆರಡನ್ನ ನೋಡ್ದೆ ಸಬ್‌ಸ್ಟಿಟ್ಯೂಷನ್ ಅನ್ನೋದೇ ಇಲ್ಲ. ಇಷ್ಟನ್ನ ಹೇಳೋಕೆ ಆ ಕೋರ್ಸ್‌ನೋರಿಗೆ ಬಾಯಿ ಬರಲಿಲ್ಲ.

ಮಿಕ್ಕಿದ್ದೂ ಇದೇ ಕಥೆ. ಜಾಝ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ 1951ರಲ್ಲಿ ರೆಕಾರ್ಡ್ ಮಾಡಿದ "ಬ್ಲೂಸ್ ಫಾರ್ ಆಲಿಸ್" ಕಾರ್ಡುಗಳನ್ನ ಪಿಡಿಎಫ್‌ಗೆ ಅಂಟಿಸಿ ಬಾಯಿಪಾಠ ಮಾಡಿ ಅಂದ್ರು. ಅದು ಎಫ್ ಕೀನಲ್ಲಿರೋ ಬ್ಲೂಸು, ಅದರಲ್ಲಿ ಕಲಿಯೋ ವಿಷಯ ಇರೋದು ಬೇರೆ ಕಡೆ: ಮಧ್ಯೆ ಎಷ್ಟೇ ಕಾರ್ಡ್ ತುರುಕಿದ್ರೂ 1ನೇ ಬಾರಲ್ಲಿ ಎಫ್, 5ನೇ ಬಾರಲ್ಲಿ ಬಿ-ಫ್ಲ್ಯಾಟ್ ಹಾಗೇ ನಿಂತಿದೆ, ಐನ್‌ಮನೆಗೆ (ಕೊಡವರ ಮನೆತನದ ಮೂಲ ಮನೆ) ಹೆಂಚು ಹೊಸದು ಹಾಕಿದ್ರೂ ಕಂಬ ಯಾರೂ ಕೀಳಲ್ಲವಲ್ಲ ಹಾಗೆ. ಅದಾದ ಮುಂದಿನ ಕ್ಲಾಸಲ್ಲೇ ಇನ್ನೊಬ್ಬ ಸ್ಯಾಕ್ಸೋಫೋನ್ ವಾದಕ ಕೋಲ್ಟ್ರೇನ್‌ದು "ಜೈಂಟ್ ಸ್ಟೆಪ್ಸ್"! ಸೆಕೆಂಡರಿ ಡಾಮಿನೆಂಟ್ (ಮನೆ ಕಾರ್ಡ್ ಬಿಟ್ಟು ಬೇರೆ ಕಾರ್ಡಿನ ಕಡೆ ಎಳೆಯೋ ಸೆವೆಂತ್ ಕಾರ್ಡ್) ಅಂದ್ರೇನು ಅಂತ ಇನ್ನೂ ಹೇಳಿಲ್ಲ, ಆಗಲೇ ಮೂರು ಕೀನಲ್ಲಿ ಸುತ್ತೋ ಹಾಡು. ಬ್ಯಾಚಲ್ಲಿ ಒಬ್ಬ ಪಾಪ ಬಾರ್ರೆ ಕಾರ್ಡೇ (ಒಂದೇ ಬೆರಳಲ್ಲಿ ಹಲವು ತಂತಿ ಒತ್ತಿ ಹಿಡಿಯೋದು) ಸರಿಯಾಗಿ ಹಿಡೀತಿರಲಿಲ್ಲ.

ಇನ್ನು ದುಡ್ಡಿನ ವಿಷಯ. "ಲೈಫ್‌ಟೈಮ್ ಆಕ್ಸೆಸ್" ಅಂತ ಜಾಹೀರಾತಲ್ಲಿ ದಪ್ಪಕ್ಷರ. ಜುಲೈ ಮಳೇಲಿ ನಮ್ಮ ಕಡೆ ಮರ ಬಿದ್ದು ಕರೆಂಟ್ ಹೋದ್ರೆ ಟವರೂ ಹೋಯ್ತು, ಕ್ಲಾಸ್ ತಪ್ಪುತ್ತೆ, ರೆಕಾರ್ಡಿಂಗ್ ಕೇಳಿದ್ರೆ ಅದು ಪ್ರೀಮಿಯಂನೋರಿಗೆ ಮಾತ್ರ ಅಂತೆ. ಪಿಡಿಎಫ್‌ನಲ್ಲಿ ಬೇರೆ ಯಾರದ್ದೋ ವಾಟರ್‌ಮಾರ್ಕ್ ಅಳಿಸಿದ ಕಲೆ ಕಾಣುತ್ತೆ. ರೀಫಂಡ್ ಕೇಳಿದ ದಿನ ವಾಟ್ಸಾಪ್ ಗ್ರೂಪ್ "ಅಡ್ಮಿನ್ ಮಾತ್ರ" ಆಯ್ತು.

ಸೇರಲೇಬೇಕು ಅಂತಿದ್ರೆ, ಯಾರೇ ಕಲಿಸಲಿ, ಡೆಮೋ ಕ್ಲಾಸಲ್ಲಿ ಒಂದೇ ಪ್ರಶ್ನೆ ಕೇಳಿ: ಎ ಬ್ಲೂಸ್‌ನ 4ನೇ ಬಾರಲ್ಲಿ ಇ-ಫ್ಲ್ಯಾಟ್7 ಯಾಕೆ ಕೂರುತ್ತೆ, 1ನೇ ಬಾರಲ್ಲಿ ಯಾಕೆ ಕೂರಲ್ಲ? ನುಡಿಸಿ ತೋರಿಸಿದ್ರೆ ಸೇರಿ. "ಅದೆಲ್ಲ ಫೀಲ್ ಬ್ರೋ" ಅಂದ್ರೆ ಫೋನ್ ಇಟ್ಬಿಡಿ. ಫೀಸು ಕಂತಲ್ಲಿ ಕೊಡಿ, ಒಂದೇ ಸಲ ಯುಪಿಐ ಮಾಡ್ಬೇಡಿ, ರೆಕಾರ್ಡಿಂಗ್ ಸಿಗುತ್ತಾ ಅಂತ ಮೆಸೇಜಲ್ಲಿ ಬರೆಸ್ಕೊಳ್ಳಿ.

ಆಗಲೇ ಕಟ್ಟಿಯಾಗಿದ್ರೆ ಜಾಹೀರಾತಿನ ಸ್ಕ್ರೀನ್‌ಶಾಟ್, ಪೇಮೆಂಟ್ ರಸೀದಿ, ಚಾಟ್ ಎಲ್ಲಾ ಈಗಲೇ ತೆಗೆದಿಟ್ಕೊಳ್ಳಿ, ಗ್ರೂಪಿಂದ ತೆಗೆದು ಹಾಕಿದ್ಮೇಲೆ ಹುಡುಕೋದು ಕಷ್ಟ. ಆಮೇಲೆ 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಫೋನ್ ಮಾಡಿ. ನಂದು ಅಲ್ಲಿ ದಾಖಲಾಗಿದೆ, ದುಡ್ಡು ಇನ್ನೂ ಬಂದಿಲ್ಲ. ಇದೇ ತರ ಆದೋರು ಯಾರಾದ್ರೂ ಇದ್ರೆ ಮೆಸೇಜ್ ಹಾಕಿ, ಒಟ್ಟಿಗೆ ಬೆನ್ನು ಹತ್ತೋಣ.