ಗ್ಯಾಸ್ ಚೆಕಿಂಗ್ ಅಂತ ಬಂದವನನ್ನು ನಾನು ಒಳಗೆ ಬಿಟ್ಟೆ, ನೀವು ಬಿಡಬೇಡಿ

ಕೈ ಇನ್ನೂ ನಡುಗುತ್ತಿದೆ. ಆದರೂ ಇವತ್ತೇ ಬರೆಯುತ್ತಿದ್ದೇನೆ. ಆ ಮನುಷ್ಯ ಇನ್ನೂ ನಮ್ಮ ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲೇ ತಿರುಗುತ್ತಿರಬಹುದು.

ಕಳೆದ ಗುರುವಾರ, ಪುನರ್ವಸು ಮಳೆ ಹೊಯ್ಯುತ್ತಿತ್ತು. ಕೊರಳಲ್ಲಿ ಕಾರ್ಡು, ಬೆನ್ನಿಗೆ ಬ್ಯಾಗು, ಕೈಯಲ್ಲಿ ರಸೀದಿ ಪುಸ್ತಕ. "ಗ್ಯಾಸ್ ಚೆಕಿಂಗ್ ಅಕ್ಕ, ಐದು ವರ್ಷಕ್ಕೊಮ್ಮೆ ಕಡ್ಡಾಯ" ಅಂದ. ಏಜೆನ್ಸಿಯಿಂದ ಹಾಗೆ ಬಂದು ನೋಡುವುದು ನಿಜವೇ ಅಲ್ವಾ, ಅದಕ್ಕೇ ನಂಬಿದೆ. ನೆನೆದು ಬಂದಿದ್ದಾನೆ ಅಂತ ಜಗುಲಿಯಲ್ಲಿ ಕೂರಿಸಿ ಕಾಫಿ ಬೇರೆ ಕೊಟ್ಟೆ. ಕಾರ್ಡಿನಲ್ಲಿ ಏನು ಬರೆದಿದೆ ಅಂತ ಓದಲಿಲ್ಲ. ಓದಲಿಲ್ಲ!

ಅಡುಗೆಮನೆಗೆ ಬಂದವನೇ ಪೈಪನ್ನು ಜೋರಾಗಿ ಬಗ್ಗಿಸಿ, "ನೋಡಿ, ಸೀಳು ಬಿಟ್ಟಿದೆ. ಇವತ್ತೋ ನಾಳೆಯೋ ಹತ್ತಿಕೊಳ್ಳುತ್ತೆ" ಅಂದ. ಅತ್ತೆ ಹೆದರಿಬಿಟ್ಟರು. ಹೊಸ ಪೈಪು ಹಾಕಿದ. ಸಿಲಿಂಡರ್‌ಗೂ ರೆಗ್ಯುಲೇಟರ್‌ಗೂ ಮಧ್ಯೆ ಮೀಟರ್ ಥರದ ಒಂದು ಸಾಮಾನು ಕೂರಿಸಿ, "ಇದು ಸೇಫ್ಟಿ, ಲೀಕ್ ಆದರೆ ತಾನೇ ಬಂದ್ ಆಗುತ್ತೆ" ಅಂದ. ಎಲ್ಲ ಸೇರಿ 2,400 ರೂಪಾಯಿ. ಹಳೇ ಪೈಪನ್ನು "ಆಫೀಸಿಗೆ ತೋರಿಸಬೇಕು" ಅಂತ ಬ್ಯಾಗಿಗೆ ಹಾಕಿಕೊಂಡು ಹೋದ.

ಭಾನುವಾರ ಬೆಳಗಿನ ಜಾವ ಎದ್ದರೆ ಅಡುಗೆಮನೆ ತುಂಬ ವಾಸನೆ. ಕತ್ತಲು. ಅತ್ತೆಯ ಕೈ ಸ್ವಿಚ್ಚಿನ ಮೇಲಿತ್ತು. "ಲೈಟ್ ಹಾಕ್ಬೇಡಿ ಅತ್ತೆ!" ಅಂತ ಕಿರುಚಿದೆ. ಆಮೇಲೆ ನೆನಪಾಯಿತು, ಬಚ್ಚಲ ಒಲೆ. ಮಲೆನಾಡಿನ ಮನೆ ನಿಮಗೆ ಗೊತ್ತಲ್ಲ. ನಮ್ಮಲ್ಲಿ ಅಡುಗೆಮನೆಯಿಂದ ಎರಡು ಮೆಟ್ಟಿಲು ಇಳಿದರೆ ಬಚ್ಚಲು. ಈ ಗ್ಯಾಸು ಗಾಳಿಗಿಂತ ಭಾರ, ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಿದು ತಗ್ಗಿಗೆ ಇಳಿಯುತ್ತದೆ. ಮಾವ ಹಂಡೆಗೆ ಬೆಂಕಿ ಹಾಕಲು ದರಗು, ಬೆಂಕಿಪೆಟ್ಟಿಗೆ ಹಿಡಿದು ಹೊರಟಿದ್ದರು. ಮಧ್ಯದ ಬಾಗಿಲು ಮುಚ್ಚಿತ್ತು, ಮಾವ ಇನ್ನೂ ಕಡ್ಡಿ ಗೀರಿರಲಿಲ್ಲ. ಅಷ್ಟೇ. ಅದಿಲ್ಲದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಹಿಂದಿನ ಬಾಗಿಲು, ಕಿಟಕಿ ತೆರೆದು ರೆಗ್ಯುಲೇಟರ್ ನಾಬ್ ತಿರುಗಿಸಿದೆ. ಸುಯ್ ಅನ್ನುವ ಸದ್ದು ನಿಲ್ಲಲಿಲ್ಲ! ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಓಡಿದೆ. ಮನೆಯವರು ಬೆಂಗಳೂರಿನಲ್ಲಿದ್ದರು. ಮಳೆಯಲ್ಲಿ ಕೊಡೆ ಹಿಡಿದು ನಾನು ಮೊದಲು ಫೋನ್ ಮಾಡಿದ್ದು ಯಾರಿಗೆ? ಅವನಿಗೇ. ರಸೀದಿಯಲ್ಲಿ ಅವನ ನಂಬರ್ ಇತ್ತು.

"ಅಕ್ಕ, ಅದು ಹೊಸ ಪೈಪಿನ ವಾಸನೆ, ಎರಡು ದಿನ ಇರುತ್ತೆ" ಅಂದ. ಸದ್ದು ಬರ್ತಾ ಇದೆ ಅಂದೆ. "ನಿಮ್ಮ ರೆಗ್ಯುಲೇಟರ್ ಹಳೇದು, ಅದಕ್ಕೆ ನಾನೇನು ಮಾಡಲಿ?" ಅಂದ. ಆಮೇಲೆ ಹೇಳಿದ ಮಾತು ಕೇಳಿ: "ಅನುಮಾನ ಇದ್ದರೆ ಒಂದು ಕಡ್ಡಿ ಗೀರಿ ಹತ್ತಿರ ಹಿಡಿದು ನೋಡಿ, ಲೀಕ್ ಇದ್ದರೆ ಗೊತ್ತಾಗುತ್ತೆ."

ಕಡ್ಡಿ ಗೀರಿ ನೋಡಬೇಕಂತೆ. ಗ್ಯಾಸ್ ತುಂಬಿದ ಮನೆಯಲ್ಲಿ. ವಯಸ್ಸಾದ ಇಬ್ಬರು ಇರುವ ಮನೆಯಲ್ಲಿ. ನಾನು ಮೋಸ ಹೋಗಿದ್ದೇನೆ ಅಂತ ಪೂರ್ತಿ ಗೊತ್ತಾಗಿದ್ದು ಆ ಕ್ಷಣಕ್ಕೆ. ಬೈದೆ. "ನೀವೇ ಸಹಿ ಹಾಕಿದ್ದೀರಿ ಅಕ್ಕ" ಅಂತ ಇಟ್ಟುಬಿಟ್ಟ. ಆಮೇಲೆ ಸ್ವಿಚ್ ಆಫ್.

ಆಗ 1906ಕ್ಕೆ ಮಾಡಿದೆ. ಗ್ಯಾಸ್ ಲೀಕ್‌ಗೆ ಅಂತಲೇ ಇರುವ ನಂಬರ್, ಹಗಲು ರಾತ್ರಿ ಇರುತ್ತದೆ. ಯಾರೂ ಒಳಗೆ ಹೋಗಬೇಡಿ, ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ ಅಂದರು. ನಮ್ಮ ಏಜೆನ್ಸಿಯ ಮೆಕ್ಯಾನಿಕ್ ಆ ಮಳೆಯಲ್ಲೇ ಬಂದರು. ಆ ಸಾಮಾನನ್ನು ರೆಗ್ಯುಲೇಟರ್ ಸಮೇತ ಕಿತ್ತು, ಸಿಲಿಂಡರ್‌ಗೆ ಕ್ಯಾಪ್ ಹಾಕಿ ಅಂಗಳಕ್ಕೆ ತಂದಿಟ್ಟರು. ಆಗಲೇ ಸದ್ದು ನಿಂತಿದ್ದು. ಸಿಲಿಂಡರಿನ ವಾಲ್ವನ್ನು ಆ ಸಾಮಾನೇ ಒತ್ತಿ ಹಿಡಿದಿತ್ತಂತೆ, ಮೇಲಿನ ನಾಬ್ ತಿರುಗಿಸಿ ಏನೂ ಪ್ರಯೋಜನ ಇರಲಿಲ್ಲ. "ಸಿಲಿಂಡರ್‌ಗೂ ರೆಗ್ಯುಲೇಟರ್‌ಗೂ ಮಧ್ಯೆ ಏನೂ ಇರಬಾರದು ಅಕ್ಕ, ನಾವು ಇಂಥದ್ದನ್ನು ಹಾಕುವುದೇ ಇಲ್ಲ" ಅಂದರು. ಅವನು ಹಾಕಿದ ಪೈಪಿನ ಮೇಲೆ ಐಎಸ್‌ಐ ಗುರುತೂ ಇಲ್ಲ, ವರ್ಷವೂ ಇಲ್ಲ. ನಮ್ಮ ಹಳೇ ಕಿತ್ತಳೆ ಬಣ್ಣದ ಸುರಕ್ಷಾ ಪೈಪು ತಂದು ಎರಡೇ ವರ್ಷ ಆಗಿತ್ತು. ಅದು ಐದು ವರ್ಷ ಬರುತ್ತದೆ. ಒಳ್ಳೇ ಪೈಪು ಕಿತ್ತುಕೊಂಡು ಹೋದ, ದುಡ್ಡೂ ತೆಗೆದುಕೊಂಡು ಹೋದ!

ಯಾರೇ ಚೆಕಿಂಗ್ ಅಂತ ಬಂದರೂ ಜಗುಲಿಯಲ್ಲೇ ನಿಲ್ಲಿಸಿ, ನಿಮ್ಮ ಗ್ಯಾಸ್ ಪುಸ್ತಕದಲ್ಲಿರುವ ಏಜೆನ್ಸಿ ನಂಬರಿಗೆ ಫೋನ್ ಮಾಡಿ ಕೇಳಿ. ಅವನು ಕೊಡುವ ನಂಬರಿಗಲ್ಲ. ವಾಸನೆ ಬಂದರೆ ಒಲೆ, ದೀಪ, ಊದುಬತ್ತಿ ಏನನ್ನೂ ಹಚ್ಚಬೇಡಿ, ಎಕ್ಸಾಸ್ಟ್ ಫ್ಯಾನ್ ಕೂಡ ಹಾಕಬೇಡಿ. ಹೊರಗೆ ಬಂದು 1906. ಬೆಂಕಿಯೇ ಹತ್ತಿದರೆ 101 ಅಥವಾ 112. ನನ್ನ ಹಾಗೆ ಮಾರಿದವನ ಹತ್ತಿರ ವಾದ ಮಾಡುತ್ತಾ ನಿಲ್ಲಬೇಡಿ.

ನಮ್ಮ ಕೇರಿಯಲ್ಲಿ ಇನ್ನೂ ಮೂರು ಮನೆಗೆ ಅದನ್ನೇ ಹಾಕಿ ಹೋಗಿದ್ದಾನೆ. ಎರಡು ಮನೆಯಲ್ಲಿ ತೆಗೆಸಿದ್ದಾಯಿತು. ಮೂರನೆಯದರಲ್ಲಿ ಅಜ್ಜಿ ಒಬ್ಬರೇ ಇರುವುದು. ಮಧ್ಯಾಹ್ನ ಮೆಕ್ಯಾನಿಕ್ ಬರುತ್ತಾರೆ. ಅಲ್ಲಿಯವರೆಗೆ ಒಲೆ ಹಚ್ಚಬೇಡಿ ಅಂತ ಹೇಳಿ, ಅವರನ್ನು ನಮ್ಮ ಮನೆಗೇ ತಿಂಡಿಗೆ ಕರೆದುಕೊಂಡು ಬಂದಿದ್ದೇನೆ.