ಅಮ್ಮನ ಸತ್ಯವೇದಕ್ಕೆ ಹೊಸ ರಟ್ಟು: ಬೈಕುಲಾದ ಒಂದು ಬೈಂಡಿಂಗ್ ಅಂಗಡಿ

ಮುಂಬಯಿಯ ಬೈಕುಲಾ ಸ್ಟೇಷನ್ನಿನ ಪಶ್ಚಿಮಕ್ಕಿರುವ ಗಲ್ಲಿಯೊಂದರಲ್ಲಿ ಫಲಕವೂ ಇಲ್ಲದ ಪುಟ್ಟ ಬೈಂಡಿಂಗ್ ಅಂಗಡಿಯಿದೆ. ಬೆನ್ನು ಕಿತ್ತು ಹಾಳೆಗಳು ಉದುರುತ್ತಿದ್ದ ಅಮ್ಮನ ಕನ್ನಡ ಸತ್ಯವೇದವನ್ನು (ಬೈಬಲ್) ಅಲ್ಲಿಗೆ ಒಪ್ಪಿಸಿ ಬಂದಿದ್ದೆ. ಹತ್ತು ದಿನವೆಂದವರು ಮೂರು ವಾರ ತೆಗೆದುಕೊಂಡರು. ಹೊನ್ನಿನ ಬಣ್ಣದಲ್ಲಿ ಕನ್ನಡ ಅಕ್ಷರ ಒತ್ತುವ ಅಚ್ಚು ಅವರಲ್ಲಿಲ್ಲ. ಕೊರತೆ ಇಷ್ಟೇ.

ಕೆಲಸ ಮಾತ್ರ ಅಪರೂಪದ್ದು. ಬರಿಯ ಅಂಟನ್ನು ನೆಚ್ಚದೆ, ಹಾಳೆಗಳ ಒಂದೊಂದು ಮಡಿಕೆಯನ್ನೂ ದಾರದಿಂದ ಹೊಲಿದು, ಹುಳು ಹಿಡಿಯದಂತೆ ಮೈಲುತುತ್ತ ಬೆರೆಸಿದ ಮೈದಾ ಅಂಟಿನಿಂದ ಬೆನ್ನಿಗೆ ಬಟ್ಟೆ ಕೂರಿಸಿದ್ದಾರೆ. ಯಾವ ಪುಟ ತೆರೆದರೂ ಪುಸ್ತಕ ಮೇಜಿನ ಮೇಲೆ ಅಗಲವಾಗಿ ಮಲಗುತ್ತದೆ. ಹೊಲಿದ ಮೇಲೆ ಅಂಚುಗಳನ್ನು ಕತ್ತರಿಸಿ ಸಮಮಾಡುವುದು ರೂಢಿ. ಆದರೆ ಕನ್ನಡ ಬಾರದ ಅಂಗಡಿಯ ಹಿರಿಯರು ಅಂಚಿನಲ್ಲಿದ್ದ ಪೆನ್ಸಿಲ್ ಬರಹ ಕಂಡು ಹಾಗೆಯೇ ಬಿಟ್ಟಿದ್ದರು. “ಯಾರೋ ಪ್ರೀತಿಯಿಂದ ಬರೆದದ್ದು, ಹೋಗಬಾರದು” ಎಂದು ಹಿಂದಿಯಲ್ಲಿ ಹೇಳಿದರು.

ಮನೆಗೆ ಬಂದು ಸತ್ಯವೇದದ ಪ್ರಲಾಪಗಳು ಎಂಬ ಭಾಗದ 3ನೆಯ ಅಧ್ಯಾಯ ತೆರೆದೆ. ದೇವರ ಕರುಣೆ ಪ್ರತಿ ಮುಂಜಾನೆಯೂ ಹೊಸದಾಗುತ್ತದೆ ಎನ್ನುವ 22, 23ನೆಯ ವಚನಗಳ ಪಕ್ಕದಲ್ಲಿ, ಅಂಚಿಗೆ ತಾಗುವಂತೆ, ಅಮ್ಮ ಬರೆದಿದ್ದರು: “ಇಂದು ನಲ್ಲಿಯಲ್ಲಿ ನೀರು ಬೇಗ ಬಂತು. ಸ್ತೋತ್ರ.” ಸಾಲುಮನೆಗಳ ಚಾಳಿನಲ್ಲಿ ನಸುಕಿಗೇ ಎದ್ದು ಕೊಡ ಹಿಡಿದು ಕಾಯುತ್ತಿದ್ದ ಅವರಿಗೆ ಅದೂ ಕೃಪೆಯೇ ಆಗಿತ್ತು. ಒಂದು ಗೆರೆಯಷ್ಟು ಕತ್ತರಿಸಿದ್ದರೂ ಆ ಸಾಲು ಉಳಿಯುತ್ತಿರಲಿಲ್ಲ. ಅಪರಿಚಿತರೊಬ್ಬರ ಕೈ ಅಲ್ಲಿ ತಡೆದು ನಿಂತದ್ದನ್ನು ನಾನು ದೇವರ ಕೃಪೆಯೆಂದೇ ಎಣಿಸುತ್ತೇನೆ.

ಕೊಟ್ಟದ್ದು 600 ರೂಪಾಯಿ. ಹಳೆಯ ಸತ್ಯವೇದ, ಕೀರ್ತನೆ ಪುಸ್ತಕಗಳಿರುವವರು ಅವಸರವಿಲ್ಲದಾಗ ಹೋಗಿ. ಒಳಗಿನ ಚೀಟಿಗಳನ್ನು ಮಾತ್ರ ಮೊದಲೇ ತೆಗೆದಿಟ್ಟುಕೊಳ್ಳಿ.