ಪಬ್ ಬಿಲ್: ಕಾರ್ಡ್ ಉಜ್ಜುವ ಮುಂಚೆ ಓದಿ

ಶನಿವಾರ ರಾತ್ರಿ ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ನಾಲ್ಕು ಜನ ಕೂತು ಎದ್ದರೆ ಬಿಲ್ ಹೆಚ್ಚುಕಡಿಮೆ ಹೀಗೆ ಬರುತ್ತದೆ: ಸ್ಟಾರ್ಟರ್, ಊಟ ಸೇರಿ 2,400. ಬಿಯರು, ವಿಸ್ಕಿ 3,600. ಅದರ ಕೆಳಗೆ ‘ಎಸ್.ಸಿ. 10%’ ಅಂತ 600. ಆಮೇಲೆ ಸಿಜಿಎಸ್‌ಟಿ 75, ಎಸ್‌ಜಿಎಸ್‌ಟಿ 75. ಒಟ್ಟು 6,750. ಮಬ್ಬು ಬೆಳಕು, ಕಿವಿಗಡಚಿಕ್ಕುವ ಹಾಡು, ಮೆಷೀನ್ ಹಿಡಿದು ಪಕ್ಕದಲ್ಲೇ ನಿಂತ ಹುಡುಗ. ಇಂಥ ಹೊತ್ತಲ್ಲಿ ಬಿಲ್ ಓದುವವರು ಯಾರು?

ಎಸ್.ಸಿ. ಅಂದರೆ ಸರ್ವಿಸ್ ಚಾರ್ಜ್. ಅದು ತೆರಿಗೆಯಲ್ಲ, ಒಂದು ಪೈಸೆಯೂ ಸರ್ಕಾರಕ್ಕೆ ಹೋಗುವುದಿಲ್ಲ. ಜಿಎಸ್‌ಟಿ ಸಾಲಿನ ಮೇಲೇ ಅಚ್ಚಾಗಿರುವುದರಿಂದ ತೆರಿಗೆಯ ಥರ ಕಾಣುತ್ತದೆ, ಅಷ್ಟೇ. ಜೊತೆಗೆ ಆ 600ರ ಮೇಲೂ 5% ಜಿಎಸ್‌ಟಿ ಬೀಳುತ್ತದೆ. ಸರ್ವಿಸ್ ಚಾರ್ಜ್ ತೆಗೆಸಿದರೆ ಬಿಲ್ 6,120ಕ್ಕೆ ಇಳಿಯುತ್ತದೆ. ಉಳಿಯುವುದು 600 ಅಲ್ಲ, 630.

ಕೇಳಿದ ಕೂಡಲೇ ಬರುವ ಉತ್ತರ ‘ಮೆನುವಿನಲ್ಲೇ ಬರೆದಿದೆಯಲ್ಲ ಸರ್’. ಬರೆದಿದ್ದರೂ ನಡೆಯುವುದಿಲ್ಲ. ಬಿಲ್‌ಗೆ ತಾನಾಗಿಯೇ ಸರ್ವಿಸ್ ಚಾರ್ಜ್ ಸೇರಿಸಬಾರದು, ಬೇರೆ ಹೆಸರಲ್ಲೂ ವಸೂಲು ಮಾಡಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಮಾರ್ಗಸೂಚಿಯನ್ನೇ ಎತ್ತಿಹಿಡಿದು, ಅರ್ಜಿ ಹಾಕಿದ ಎರಡು ಸಂಘಗಳಿಗೆ ತಲಾ 1 ಲಕ್ಷ ದಂಡ ಹಾಕಿತು. ಸಂಘಗಳು ಮೇಲ್ಮನವಿ ಹೋಗಿದ್ದರಿಂದ ‘ಕೇಸ್ ನಡೀತಿದೆ ಸರ್’ ಅನ್ನುವ ಮ್ಯಾನೇಜರ್‌ಗಳೂ ಸಿಗುತ್ತಾರೆ. ಮೇಲ್ಮನವಿ ಹಾಕಿದ ಮಾತ್ರಕ್ಕೆ ತೀರ್ಪು ಬಿದ್ದುಹೋಗುವುದಿಲ್ಲ. ‘ಸ್ಟಾಫ್ ಕಾಂಟ್ರಿಬ್ಯೂಷನ್’, ‘ಸ್ಟಾಫ್ ವೆಲ್‌ಫೇರ್’ ಅಂತಿದ್ದರೂ ಅದೇ ಸರಕು.

ತೆಗೆಸುವ ಕ್ರಮ ಮುಖ್ಯ. ವೇಟರ್ ಜೊತೆ ವಾದ ಬೇಡ, ಅವನ ಕೈಯಲ್ಲಿ ಏನೂ ಇರುವುದಿಲ್ಲ. ಮ್ಯಾನೇಜರನ್ನು ಕರೆಸಿ, ಸರ್ವಿಸ್ ಚಾರ್ಜ್ ತೆಗೆದು ಹೊಸ ಬಿಲ್ ಪ್ರಿಂಟ್ ಮಾಡಿಸಿ ಅನ್ನಿ. ಪೆನ್ನಲ್ಲಿ ಗೀಟು ಹಾಕಿ ‘ಆಯ್ತು ಸರ್’ ಅಂದರೆ ಒಪ್ಪಬೇಡಿ. ಆ ಗೀಟು ಅವರ ಸಾಫ್ಟ್‌ವೇರಿಗೆ ಗೊತ್ತಿರುವುದಿಲ್ಲ, ಜಿಎಸ್‌ಟಿಯೂ ಹಳೆಯ ಲೆಕ್ಕದಲ್ಲೇ ಉಳಿಯುತ್ತದೆ. ಜಗ್ಗದಿದ್ದರೆ ಕೂತಲ್ಲಿಂದಲೇ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಹಚ್ಚಿ (ರಾತ್ರಿ ಎಂಟರವರೆಗೆ ಮಾತ್ರ; ಅದಕ್ಕೂ ತಡವಾಗಿದ್ದರೆ ಬಿಲ್ ಇಟ್ಟುಕೊಂಡು ಮರುದಿನ ಮಾಡಿ). ಎಷ್ಟೋ ಸಲ ನಂಬರ್ ಒತ್ತುವುದನ್ನು ನೋಡಿಯೇ ಹೊಸ ಬಿಲ್ ಬಂದುಬಿಡುತ್ತದೆ. ಟಿಪ್ಸ್ ಕೊಡಬೇಕೆನಿಸಿದರೆ ಹುಡುಗನ ಕೈಗೇ ಕೊಡಿ.

ಇನ್ನು ಜಿಎಸ್‌ಟಿ. ಬೀದಿಬದಿಯ ಸ್ವತಂತ್ರ ರೆಸ್ಟೋರೆಂಟಲ್ಲಿ ಊಟಕ್ಕೆ 5%. 18% ಕಂಡರೆ ಕೇಳಲೇಬೇಕು. ಅದು ಸಾಮಾನ್ಯವಾಗಿ ದಿನಕ್ಕೆ 7,500 ರೂಪಾಯಿ ಮೀರಿದ ಬಾಡಿಗೆಯ ರೂಮಿರುವ ದೊಡ್ಡ ಹೋಟೆಲ್ಲಿನ ಒಳಗಿನ ರೆಸ್ಟೋರೆಂಟಿಗೆ. ಮದ್ಯ ಜಿಎಸ್‌ಟಿಯ ಹೊರಗಿದೆ. ಆದ್ದರಿಂದ ಮೇಲಿನ ಬಿಲ್ಲಿನಲ್ಲಿ 3,600ರ ಮೇಲೂ 5% ಹಾಕಿದ್ದರೆ 180 ರೂಪಾಯಿ ಸುಮ್ಮನೆ ಹೋದಂತೆ. ಬಿಲ್ಲಿನ ಮೇಲಿರುವ 15 ಅಕ್ಷರದ ಜಿಎಸ್‌ಟಿ ಸಂಖ್ಯೆ (ಕರ್ನಾಟಕದ್ದಾದರೆ 29ರಿಂದ ಶುರು) ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಹಾಕಿ ನೋಡಿ. ‘ಕಾಂಪೊಸಿಷನ್’ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಪದ್ಧತಿ) ಅಂತ ತೋರಿಸಿದರೆ ಆ ಅಂಗಡಿ ಗ್ರಾಹಕರಿಂದ ಜಿಎಸ್‌ಟಿ ತೆಗೆದುಕೊಳ್ಳುವಂತೆಯೇ ಇಲ್ಲ.

ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ಹಾಕಿದ್ದಕ್ಕೆ ಮಾತ್ರ ಜಗಳಕ್ಕೆ ಇಳಿಯಬೇಡಿ. ಹೋಟೆಲಲ್ಲಿ ಕೂತು ಕುಡಿಯುವ ನೀರಿಗೆ ಎಂಆರ್‌ಪಿ ಮೀರಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಕೂತ ತಕ್ಷಣ ‘ರೆಗ್ಯುಲರ್ ವಾಟರ್’, ಅಂದರೆ ಬಾಟಲಿಯದಲ್ಲದ ಮಾಮೂಲಿ ನೀರು ಅಂದುಬಿಡಿ.

ವಿಸ್ಕಿಯಂಥ ಮದ್ಯಕ್ಕೆ ಮೆನುವಿನಲ್ಲಿರುವ ದರ ಸಾಮಾನ್ಯವಾಗಿ 30 ಎಂಎಲ್‌ನದು. ‘ಲಾರ್ಜ್ ಅಲ್ವಾ ಸರ್?’ ಅನ್ನುವ ಪ್ರಶ್ನೆಗೆ ತಲೆಯಾಡಿಸಿದರೆ 60 ಎಂಎಲ್, ಎರಡು ಪಟ್ಟು. ದರ ಇಳಿಸುವ ಹ್ಯಾಪಿ ಅವರ್‌ನಲ್ಲಿ ಲೆಕ್ಕಕ್ಕೆ ಬರುವುದು ನೀವು ಹೇಳಿದ ಹೊತ್ತಲ್ಲ, ಕೆಓಟಿ (ಒಳಗೆ ಹೋಗುವ ಆರ್ಡರ್ ಚೀಟಿ) ಪ್ರಿಂಟ್ ಆದ ಹೊತ್ತು. ಎಂಟಕ್ಕೆ ಮುಗಿಯುವುದಿದ್ದರೆ 7:50ಕ್ಕೆ ಹೇಳಿದ್ದು 8:05ಕ್ಕೆ ಪಂಚ್ ಆಗಿ ಪೂರ್ತಿ ದರ ಬೀಳುತ್ತದೆ. ಕೊನೆಯ ಸುತ್ತನ್ನು ಇಪ್ಪತ್ತು ನಿಮಿಷ ಮೊದಲೇ ಹೇಳಿ.

ಇಲ್ಲಿವರೆಗಿನದು ನೂರಿನ್ನೂರರ, ಹೆಚ್ಚೆಂದರೆ ಸಾವಿರದ ಮಾತು. ಡೇಟಿಂಗ್ ಆ್ಯಪ್ ಬಲೆಯಲ್ಲಿ ಸಿಕ್ಕವರ ಕತೆ ಹತ್ತಿಪ್ಪತ್ತು ಸಾವಿರದಿಂದ ಶುರುವಾಗುತ್ತದೆ. ಆ್ಯಪ್‌ನಲ್ಲಿ ಹುಡುಗಿಯೊಬ್ಬಳ ಪರಿಚಯವಾದ ಒಂದೆರಡು ದಿನಕ್ಕೇ ಭೇಟಿ, ಜಾಗ ಯಾವಾಗಲೂ ಆಕೆಯದೇ ಆಯ್ಕೆ. ಮೆಟ್ರೋ ಸ್ಟೇಷನ್ ಹತ್ತಿರ ಸಿಕ್ಕಿ ‘ಇಲ್ಲೇ ಪಕ್ಕದಲ್ಲಿ ಒಂದು ಜಾಗ ಇದೆ’ ಅನ್ನುವುದು. ಮೆನು ಕೊಡುವುದಿಲ್ಲ, ಕೊಟ್ಟರೂ ದರ ಇರುವುದಿಲ್ಲ. ಆಕೆಗೆ ಒಂದರ ಹಿಂದೊಂದು ಶಾಟ್, ಹುಕ್ಕಾ. (ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಹುಕ್ಕಾ ನಿಷೇಧ. ಅದನ್ನು ತಂದಿಟ್ಟರೆ ಅಲ್ಲೇ ಎದ್ದುಬಿಡಿ.) ಒಂದು ಫೋನ್ ಬರುತ್ತದೆ, ಮನೆಯಲ್ಲಿ ಏನೋ ತುರ್ತು, ಆಕೆ ಹೊರಟಳು. ಹಿಂದೆಯೇ ಬಿಲ್, ಬಾಗಿಲಲ್ಲಿ ಇಬ್ಬರು ಬೌನ್ಸರ್.

ಸರ್ವಿಸ್ ಚಾರ್ಜ್‌ನಲ್ಲಿ ದುಡ್ಡು ಕೊಡುವ ಮುಂಚೆ ವಾದಿಸಬೇಕು ಅಂದೆವಲ್ಲ, ಇಲ್ಲಿ ಉಲ್ಟಾ. ಮೈಮೇಲೆ ಬರುವಂತಿದ್ದರೆ ವಾದ ಬೇಡ. ಪೊಲೀಸರ 112ಕ್ಕೆ ಫೋನ್ ಮಾಡಲು ಬಿಟ್ಟರೆ ಮಾಡಿ, ಬಿಡದಿದ್ದರೆ ಕೊಟ್ಟು ಹೊರಬನ್ನಿ. ಆದರೆ ನಗದು ಕೊಡಬೇಡಿ, ಎಟಿಎಂಗೆ ಕರೆದರೂ ಹೋಗಬೇಡಿ. ಯುಪಿಐ ಅಥವಾ ಕಾರ್ಡ್ ಮಾತ್ರ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಪಬ್ಬಿನ ಹೆಸರಿನ ಬದಲು ಯಾರೋ ಒಬ್ಬ ವ್ಯಕ್ತಿಯ ಹೆಸರು ಬರಬಹುದು, ಆ ಪರದೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ಬಿಲ್ ಬಿಟ್ಟು ಬರಬೇಡಿ. ಹೊರಗೆ ಬಂದು ಬೋರ್ಡಿನ ಫೋಟೋ ಹೊಡೆದು, ಅವತ್ತೇ ಹತ್ತಿರದ ಠಾಣೆಗೆ ಹೋಗಿ. ಬೆದರಿಸಿ ವಸೂಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಸೆಕ್ಷನ್, ಹೊರಗೆ ಬಿಡದೆ ಕೂರಿಸಿಕೊಳ್ಳುವುದು 127. ಆ್ಯಪ್‌ನಲ್ಲಿ ಆಕೆ ‘ಅನ್‌ಮ್ಯಾಚ್’ ಮಾಡಿದರೆ ಚಾಟ್ ಪೂರ್ತಿ ಮಾಯವಾಗುತ್ತದೆ. ಆದ್ದರಿಂದ ಪ್ರೊಫೈಲ್, ಚಾಟ್‌ಗಳ ಸ್ಕ್ರೀನ್‌ಶಾಟ್ ತೆಗೆಯುವುದು ಠಾಣೆಯ ಮೆಟ್ಟಿಲು ಹತ್ತುವುದಕ್ಕೂ ಮುಂಚಿನ ಕೆಲಸ.